ಮಕ್ಕಳನ್ನು ನೋಡಲು ವಿದೇಶಕ್ಕೆ: ಕಾಯಿಲೆಯನ್ನು ಬಚ್ಚಿಟ್ಟು ಹೊರಡಬೇಡಿ

ಅರವತ್ತೊಂದು ವರ್ಷದ ಗೃಹಿಣಿಯೊಬ್ಬರು ತಮ್ಮ ಯಜಮಾನರ ಜೊತೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ಹೊರಟಿದ್ದರು. ವಿಮಾನಕ್ಕೆ ಇನ್ನು ಹನ್ನೆರಡೇ ದಿನ.

"ಆರು ತಿಂಗಳಿಗೆ ಆಗುವಷ್ಟು ಮಾತ್ರೆ ಬರೆದುಕೊಡಿ ಡಾಕ್ಟ್ರೇ, ಬೇರೇನೂ ತೊಂದರೆ ಇಲ್ಲ" ಎಂದರು.

ನಾನು ಚೀಟಿ ಬರೆಯುತ್ತಿರುವಾಗ ಯಜಮಾನರು ಮೆಲ್ಲಗೆ ಬಾಯಿ ಬಿಟ್ಟರು. "ಮಹಡಿ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಲ್ತಾಳೆ. ಎದೆ ಬಿಗಿದ ಹಾಗಾಗುತ್ತೆ ಅಂತಾಳೆ. ಕೇಳಿದರೆ ಗ್ಯಾಸು ಅಂತಾಳೆ." ಆಕೆ ಗಂಡನ ಕಡೆ ಒಮ್ಮೆ ಸಿಟ್ಟಿನಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮಗಳಿಗೆ ಮಾತ್ರ ಹೇಳಬೇಡಿ. ದಿನ ತುಂಬುತ್ತಾ ಬಂದಿದೆ, ಗಾಬರಿಯಾಗ್ತಾಳೆ" ಎಂದರು.

ಅಂದೇ ತೆಗೆಸಿದ ಇ.ಸಿ.ಜಿ.ಯಲ್ಲಿ ವ್ಯತ್ಯಾಸವಿತ್ತು. ಹೃದಯ ತಜ್ಞರ ಬಳಿ ಕಳಿಸಿದೆ. ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಬಹಳಷ್ಟು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಬೇಕಾಯಿತು. ಪ್ರಯಾಣ ಮುಂದಕ್ಕೆ ಹೋಯಿತು.

ಆ ದಿನ ಯಜಮಾನರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇಂಥ ಸಂಕೋಚವನ್ನು ವೃತ್ತಿಯಲ್ಲಿ ಮೇಲಿಂದ ಮೇಲೆ ಕಾಣುತ್ತೇನೆ. ಮಕ್ಕಳಿಗೆ ಖರ್ಚು, ಮಕ್ಕಳಿಗೆ ಆತಂಕ, ಟಿಕೆಟ್ ಹಾಳಾಗುತ್ತದೆ ಎಂದುಕೊಂಡು ತಂದೆ ತಾಯಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಸೂಟ್‌ಕೇಸಿನ ತೂಕವನ್ನು ನಾಲ್ಕು ಸಲ ನೋಡುವ ನಾವು ನಮ್ಮ ದೇಹದ ಸ್ಥಿತಿಯನ್ನು ಒಮ್ಮೆಯೂ ನೋಡಿಸಿಕೊಳ್ಳುವುದಿಲ್ಲ. ವಿದೇಶ ಪ್ರಯಾಣದ ಮೊದಲ ಸಿದ್ಧತೆ ಎಂದರೆ ನಿಜ ಹೇಳುವುದು. ವೈದ್ಯರಿಗೆ, ವಿಮೆಯವರಿಗೆ, ಮಕ್ಕಳಿಗೆ, ಈ ಮೂವರಿಗೂ. ಉಳಿದೆಲ್ಲ ಸಿದ್ಧತೆ ಇದರ ಮೇಲೆ ನಿಂತಿದೆ.

ವಿಮಾನದೊಳಗಿನ ಗಾಳಿ

ವಿಮಾನದಲ್ಲಿ ಸುಮ್ಮನೆ ಕೂತಿರುವುದು ತಾನೇ, ಅದರಿಂದ ಹೃದಯಕ್ಕೇನು ಶ್ರಮ ಎಂದು ಹಲವರು ಕೇಳುತ್ತಾರೆ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳು ಕಾಪಾಡುತ್ತವೆ. ಆದರೆ ಅದು ನಮ್ಮ ನೆಲದ ಮೇಲಿನ ಒತ್ತಡದಷ್ಟಿರುವುದಿಲ್ಲ. ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಿರುತ್ತದೆ. ನಮಗೆ ಪರಿಚಿತವಾದ ಊಟಿ ಇರುವುದು ಸುಮಾರು 7,300 ಅಡಿ ಎತ್ತರದಲ್ಲಿ. ಅಂದರೆ ಹದಿನೈದು ಗಂಟೆ ವಿಮಾನದಲ್ಲಿ ಕೂರುವುದೆಂದರೆ ಅಷ್ಟು ಹೊತ್ತು ಊಟಿಯ ತೆಳು ಗಾಳಿಯನ್ನು ಉಸಿರಾಡಿದಂತೆ. ಆರೋಗ್ಯವಂತರ ರಕ್ತದಲ್ಲಿಯೂ ಆಮ್ಲಜನಕದ ಪ್ರಮಾಣ ಸ್ವಲ್ಪ ಇಳಿಯುತ್ತದೆ, ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಕಟ್ಟಿಕೊಂಡ ರಕ್ತನಾಳ, ಹಳೆಯ ಉಬ್ಬಸ, ತೀವ್ರ ರಕ್ತಹೀನತೆ ಇದ್ದವರಿಗೆ ಗೊತ್ತಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಸರಳ ಪರೀಕ್ಷೆ ಇದೆ. ಸಮತಟ್ಟಾದ ನೆಲದಲ್ಲಿ 50 ಮೀಟರ್ ದೂರ ಸಾಧಾರಣ ವೇಗದಲ್ಲಿ ನಡೆಯಿರಿ, ಅಥವಾ ಹತ್ತು ಹನ್ನೆರಡು ಮೆಟ್ಟಿಲು ಹತ್ತಿ. ಏದುಸಿರು, ಎದೆ ಬಿಗಿತ ಇಲ್ಲದೆ ಇಷ್ಟು ಮಾಡಲಾಗದಿದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ವಿಮಾನ ಹತ್ತಬೇಡಿ. ಬಹಳ ವರ್ಷದ ಮಧುಮೇಹಿಗಳಲ್ಲಿ ಹೃದಯದ ನೋವು ನೋವಾಗಿಯೇ ಕಾಣಿಸದೆ ಆಯಾಸ, ಬೆವರು, ಹೊಟ್ಟೆ ಉಬ್ಬರದಂತೆ ತೋರಬಹುದು. 'ಗ್ಯಾಸು' ಎಂದು ತಳ್ಳಿಹಾಕುವುದು ಅದಕ್ಕೇ ಅಪಾಯ.

ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರು, ಹೊಟ್ಟೆ ಅಥವಾ ಎದೆಯ ಶಸ್ತ್ರಚಿಕಿತ್ಸೆ ಆದವರು ಎಷ್ಟು ದಿನ ಕಾಯಬೇಕೆಂದು ತಮ್ಮ ತಜ್ಞರನ್ನೇ ಕೇಳಬೇಕು. ಎತ್ತರದಲ್ಲಿ ದೇಹದೊಳಗಿನ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಕಣ್ಣಿನ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲ ತುಂಬಿಸಿಕೊಂಡವರು ಅದು ಪೂರ್ತಿ ಕರಗುವವರೆಗೆ ಹಾರಲೇಬಾರದು, ದೃಷ್ಟಿಯೇ ಹೋಗಬಹುದು. ಮುರಿದ ಮೂಳೆಗೆ ಹೊಸದಾಗಿ ಸುತ್ತುಪಟ್ಟಿ ಹಾಕಿಸಿಕೊಂಡವರು ಕನಿಷ್ಠ ಒಂದೆರಡು ದಿನ ತಡೆಯಬೇಕು. ಗರ್ಭಿಣಿಯರನ್ನು ಸಾಮಾನ್ಯವಾಗಿ 36 ವಾರಗಳ ನಂತರ, ಅವಳಿ ಮಕ್ಕಳಿದ್ದರೆ 32 ವಾರಗಳ ನಂತರ ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಎರಡು ತಿಂಗಳು ಮೊದಲೇ

ತಪಾಸಣೆಗೆ ಹನ್ನೆರಡು ದಿನ ಸಾಲದು. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಬನ್ನಿ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ, ಹಿಮೋಗ್ಲೋಬಿನ್, ಇ.ಸಿ.ಜಿ. ಇಷ್ಟು ಆಗಲಿ. ಔಷಧಿ ಬದಲಾಯಿಸಬೇಕಾದರೆ ಆಗಲೇ ಬದಲಾಯಿಸಿ, ಅದು ದೇಹಕ್ಕೆ ಒಗ್ಗಿತೇ ಎಂದು ಇಲ್ಲೇ ನೋಡಬಹುದು. ಹೊಸ ಮಾತ್ರೆಯ ಮೊದಲ ಗುಳಿಗೆಯನ್ನು ವಿಮಾನದಲ್ಲಿ ನುಂಗುವಂತಾಗಬಾರದು.

ಹಲ್ಲಿನ ಹುಳುಕನ್ನು ಇಲ್ಲೇ ಸರಿಪಡಿಸಿಕೊಳ್ಳಿ. ಅಮೆರಿಕದಲ್ಲಿ ಹಲ್ಲಿನ ಚಿಕಿತ್ಸೆ ಬಲು ದುಬಾರಿ, ಪ್ರವಾಸದ ವಿಮೆ ಅದಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಕನ್ನಡಕ ಧರಿಸುವವರು ಇನ್ನೊಂದು ಜೊತೆ ಮಾಡಿಸಿ.

ಚುಚ್ಚುಮದ್ದಿನ ವಿಷಯವನ್ನೂ ಆಗಲೇ ಕೇಳಿ. ಚಳಿಗಾಲಕ್ಕೆ ಹೋಗುವ ಹಿರಿಯರಿಗೆ ಫ್ಲೂ ಲಸಿಕೆ ಒಳ್ಳೆಯದು. ಅದರ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲಿಯೇ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಆ ದೇಶಗಳಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇರಿಸುವ ಸಂಭವವಿದೆ. 2016ರ ಜುಲೈಯಿಂದ ಈ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಹಜ್ ಯಾತ್ರೆಗೆ ಹೋಗುವವರಿಗೆ ಮಿದುಳುಪೊರೆಯ ಉರಿಯೂತ ತಡೆಯುವ ಲಸಿಕೆ ಕಡ್ಡಾಯ. ಅದನ್ನೂ ಹತ್ತು ದಿನ ಮೊದಲೇ ಪಡೆದಿರಬೇಕು.

ಒಂದು ಹಾಳೆಯಲ್ಲಿ ನಿಮ್ಮ ಕಾಯಿಲೆ

ವೈದ್ಯರಿಂದ ಒಂದೇ ಹಾಳೆಯಲ್ಲಿ ಟೈಪು ಮಾಡಿಸಿದ ಪತ್ರ ಪಡೆಯಿರಿ. ಅದು ಇಂಗ್ಲಿಷಿನಲ್ಲಿರಲಿ. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಕಾಯಿಲೆಗಳು, ಆಗಿರುವ ಶಸ್ತ್ರಚಿಕಿತ್ಸೆ, ಒಗ್ಗದ ಔಷಧಿ, ಈಗ ನುಂಗುತ್ತಿರುವ ಮಾತ್ರೆ, ಅದರ ಪ್ರಮಾಣ, ಹೊತ್ತು ಇಷ್ಟೂ ಅದರಲ್ಲಿರಬೇಕು. ಹಳೆಯ ಇ.ಸಿ.ಜಿ.ಯ ಪ್ರತಿಯನ್ನೂ ಜೊತೆಗಿಡಿ. ಅಲ್ಲಿಯ ವೈದ್ಯರು ಹೊಸ ಇ.ಸಿ.ಜಿ. ತೆಗೆದಾಗ ಬದಲಾವಣೆ ಹೊಸದೋ ಹಳೆಯದೋ ಎಂದು ತಿಳಿಯುವುದು ಅದರಿಂದಲೇ.

ಪತ್ರದಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರು ಇರಲೇಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಹೆಸರುಗಳು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೂಲ ಹೆಸರು ಕೂಡ ಕೆಲವೊಮ್ಮೆ ಬೇರೆ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್. ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಇದು ಗೊತ್ತಿಲ್ಲದೆ ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ನುಂಗುವ ಅಪಾಯವಿದೆ.

ಸಕ್ಕರೆಯ ಅಳತೆಯಲ್ಲೂ ಗೊಂದಲವಾಗಬಹುದು. ಭಾರತ ಮತ್ತು ಅಮೆರಿಕದಲ್ಲಿ ಮಿಲಿಗ್ರಾಂ ಲೆಕ್ಕ. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮಿಲಿಮೋಲ್ ಲೆಕ್ಕ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ ಬರುತ್ತದೆ. ನಮ್ಮ 180 ಅವರಿಗೆ 10. ಅಲ್ಲಿಯ ಯಂತ್ರ 10 ಎಂದು ತೋರಿಸಿದರೆ ಸಕ್ಕರೆ ಕುಸಿಯಿತೆಂದು ಸಿಹಿ ತಿನ್ನಬೇಡಿ. ನಿಮ್ಮದೇ ಯಂತ್ರವನ್ನು, ಸಾಕಷ್ಟು ಪಟ್ಟಿಗಳ ಜೊತೆ ಒಯ್ಯುವುದು ಒಳ್ಳೆಯದು.

ಮಾತ್ರೆ ಎಲ್ಲಿರಬೇಕು, ಎಷ್ಟಿರಬೇಕು

ಎಲ್ಲ ಔಷಧಿಯೂ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸ್ ನಿಮ್ಮ ಜೊತೆಗೇ ಬರುತ್ತದೆಂಬ ಭರವಸೆ ಇಲ್ಲ. ಇನ್ಸುಲಿನ್ ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಕೈಚೀಲದ ದ್ರವ ಪದಾರ್ಥಗಳಿಗೆ 100 ಮಿಲಿಲೀಟರಿನ ಮಿತಿ ಇದ್ದರೂ ಇನ್ಸುಲಿನ್ ಮತ್ತಿತರ ಅಗತ್ಯ ಔಷಧಿಗೆ ವಿನಾಯಿತಿ ಉಂಟು. ತಪಾಸಣೆಯವರಿಗೆ ಮೊದಲೇ ಹೇಳಿ, ವೈದ್ಯರ ಪತ್ರ ತೋರಿಸಿ.

ಜಾಗ ಉಳಿಸಲೆಂದು ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಹಾರ್ಲಿಕ್ಸ್ ಬಾಟಲಿಗೆ ತುಂಬುವವರಿದ್ದಾರೆ. ಹಾಗೆ ಮಾಡಬೇಡಿ. ಕಂಪನಿಯ ಪಟ್ಟಿಯಲ್ಲೇ, ಚೀಟಿ ಮತ್ತು ಅಂಗಡಿಯ ರಸೀದಿ ಸಮೇತ ಇರಲಿ. ಅಮೆರಿಕಕ್ಕೆ ಹೋಗುವವರು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಿಗೆ ಮೀರದಷ್ಟು ಔಷಧಿ ಒಯ್ಯಬಹುದೆಂದು ಅಲ್ಲಿಯ ಔಷಧಿ ನಿಯಂತ್ರಣ ಇಲಾಖೆಯ ಸೂಚನೆ. ಆರು ತಿಂಗಳು ಇರುವವರು ಉಳಿದದ್ದನ್ನು ವೈದ್ಯರ ಪತ್ರ, ಚೀಟಿ, ವೀಸಾದ ಪ್ರತಿಗಳ ಜೊತೆ ಆಮೇಲೆ ತರಿಸಿಕೊಳ್ಳಲು ಅವಕಾಶವಿದೆ. ಇಲ್ಲವೇ ಅಲ್ಲಿಯ ವೈದ್ಯರನ್ನು ಕಂಡು ಬರೆಸಿಕೊಳ್ಳಬೇಕು. ಅಲ್ಲಿ ರಕ್ತದೊತ್ತಡದ ಮಾತ್ರೆಯೂ, ಆಂಟಿಬಯಾಟಿಕ್ಕೂ ಚೀಟಿ ಇಲ್ಲದೆ ಸಿಗುವುದಿಲ್ಲ, ನಮ್ಮ ಚೀಟಿಯನ್ನು ಅಲ್ಲಿಯ ಅಂಗಡಿಯವರು ಒಪ್ಪುವುದಿಲ್ಲ.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಇನ್ನೊಂದು ಮಾತು. ನೋವಿನ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಿಯಲ್ಲಿರುವ ಕೊಡೀನ್, ನಿದ್ದೆಗೆ ಕೊಡುವ ಆಲ್ಪ್ರಜೋಲಂ ಇವಕ್ಕೆ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಇಂಥವನ್ನು ಒಯ್ಯಲು ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಪಾಯಸಕ್ಕೆಂದು ಕಟ್ಟುವ ಗಸಗಸೆಯೂ ಅಲ್ಲಿ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ. ಮಗನಿಗೆ ಇಷ್ಟವೆಂದು ಒಂದು ಪೊಟ್ಟಣ ಇಟ್ಟುಕೊಂಡರೆ ಪೊಲೀಸರ ಎದುರು ನಿಲ್ಲಬೇಕಾದೀತು. ಹೆಸರಿಲ್ಲದ ಚೂರ್ಣ, ಲೇಹ್ಯ, ಕಷಾಯದ ಪುಡಿಗಳನ್ನೂ ಯಾವ ದೇಶಕ್ಕೂ ಒಯ್ಯದಿರುವುದೇ ಮೇಲು.

ವಿಮೆಯವರಿಗೆ ನಿಜ ಹೇಳಿ

ಮಕ್ಕಳ ಉದ್ಯೋಗದ ಆರೋಗ್ಯ ವಿಮೆ ಭೇಟಿಗೆ ಹೋದ ತಂದೆ ತಾಯಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬೇರೆ ವಿಮೆ ಮಾಡಿಸಲೇಬೇಕು. ಅರ್ಜಿಯಲ್ಲಿ 'ಮೊದಲೇ ಇರುವ ಕಾಯಿಲೆ' ಎಂಬ ಕಲಮಿನಲ್ಲಿ ಕಂತು ಹೆಚ್ಚಾದೀತೆಂದು 'ಇಲ್ಲ' ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಆಸ್ಪತ್ರೆ ಸೇರಿದ ಮೇಲೆ ನಿಮ್ಮ ಹಳೆಯ ಚೀಟಿಗಳೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ. ವಿಮೆಯವರು ಹಣ ಕೊಡಲು ನಿರಾಕರಿಸುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ಬರೆಯಿರಿ. ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಎಷ್ಟು ಹಣದವರೆಗೆ ಕೊಡುತ್ತೀರಿ ಎಂದು ಬರಹದಲ್ಲೇ ಕೇಳಿ. ಅಗ್ಗದ ವಿಮೆಯಲ್ಲಿ ಈ ಮೊತ್ತ ತೀರಾ ಸಣ್ಣದಿರುತ್ತದೆ.

ದುಡ್ಡಿಗೆ ಹೆದರಿ ಎದೆನೋವನ್ನು ಸಹಿಸಿಕೊಳ್ಳುವುದು ಮಾತ್ರ ಬೇಡ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರನ್ನು ಹಣವಿದೆಯೇ ಇಲ್ಲವೇ ಎಂದು ನೋಡದೆ ಪರೀಕ್ಷಿಸಿ, ಅಪಾಯದಿಂದ ಪಾರು ಮಾಡಬೇಕು. ಬಿಲ್ಲು ಆಮೇಲೆ ಬರುತ್ತದೆ, ನಿಜ. ಆದರೆ ಜೀವ ಮೊದಲು.

ಪ್ರಯಾಣದ ದಿನ

ಪ್ರಯಾಣ ಶುರುವಾಗುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಲ್ಲ, ನಿಮ್ಮ ಮನೆ ಬಾಗಿಲಲ್ಲಿ. ತೀರ್ಥಹಳ್ಳಿಯಿಂದ ಹೊರಟವರು ಕಾರಿನಲ್ಲಿ ಏಳೆಂಟು ಗಂಟೆ ಕೂತು, ನಿಲ್ದಾಣದಲ್ಲಿ ಮೂರು ನಾಲ್ಕು ಗಂಟೆ ಕಾದು, ಆಮೇಲೆ ವಿಮಾನ ಹತ್ತುತ್ತಾರೆ. ಹಿಂದಿನ ರಾತ್ರಿ ನೆಂಟರನ್ನು ಬೀಳ್ಕೊಟ್ಟು ನಿದ್ದೆ ಮಾಡಿರುವುದಿಲ್ಲ. ಸಾಧ್ಯವಾದರೆ ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ವಿಶ್ರಾಂತಿ ಪಡೆಯಿರಿ. ಏಕಾದಶಿ, ಸಂಕಷ್ಟಿಯ ಉಪವಾಸವಿದ್ದರೆ ಮಧುಮೇಹಿಗಳು ಆ ದಿನಕ್ಕೆ ಅದನ್ನು ಬಿಡುವುದು ವಾಸಿ.

ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಕೇಳಿಕೊಳ್ಳಿ. ಇದರಲ್ಲಿ ಅವಮಾನವೇನಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ. ಊಟವನ್ನೂ ಮೊದಲೇ ಹೇಳಿರಬೇಕು. ಅನೇಕ ವಿಮಾನ ಕಂಪನಿಗಳಲ್ಲಿ 'ಹಿಂದೂ ಊಟ' ಎಂದರೆ ಮಾಂಸಾಹಾರ! ಗೋಮಾಂಸ ಇರುವುದಿಲ್ಲ, ಅಷ್ಟೆ. ಸಸ್ಯಾಹಾರಿಗಳು 'ಏಷ್ಯನ್ ವೆಜಿಟೇರಿಯನ್' ಎಂದು ಕೇಳಬೇಕು. 'ಡಯಾಬಿಟಿಕ್ ಊಟ'ದಲ್ಲಿಯೂ ಮಾಂಸವಿರಬಹುದು, ವಿಚಾರಿಸಿಕೊಳ್ಳಿ.

ಸಕ್ಕರೆ ಕಾಯಿಲೆಯವರ ದೊಡ್ಡ ಪ್ರಶ್ನೆ ಹೊತ್ತಿನದು. ಇಲ್ಲಿಂದ ಯೂರೋಪು ಅಥವಾ ಕೊಲ್ಲಿಯ ಮೇಲೆ ಅಮೆರಿಕಕ್ಕೆ ಹೋಗುವಾಗ ನಾವು ಸೂರ್ಯನ ಜೊತೆ ಪಶ್ಚಿಮಕ್ಕೆ ಸಾಗುತ್ತೇವೆ, ದಿನ ಉದ್ದವಾಗುತ್ತದೆ. ಮರಳುವಾಗ ದಿನ ಕುಗ್ಗುತ್ತದೆ. ನ್ಯೂಜೆರ್ಸಿ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ವಿಮಾನದಲ್ಲಿರುವಷ್ಟು ಹೊತ್ತು ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಬಿಟ್ಟರೆ ಲೆಕ್ಕ ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಗಂಟೆಗೆ ಎಷ್ಟು ಎಂಬುದನ್ನು ಹೋಗುವಾಗಿನದು, ಬರುವಾಗಿನದು ಎಂದು ಬೇರೆ ಬೇರೆಯಾಗಿ ವೈದ್ಯರಿಂದ ಬರೆಸಿಕೊಳ್ಳಲೇಬೇಕು. ಊಟದ ಮುಂಚಿನ ಇನ್ಸುಲಿನ್ ಮತ್ತು ಸಕ್ಕರೆ ಇಳಿಸುವ ಮಾತ್ರೆಯನ್ನು ಊಟದ ತಟ್ಟೆ ಎದುರಿಗೆ ಬಂದ ಮೇಲಷ್ಟೇ ತೆಗೆದುಕೊಳ್ಳಿ. ವಿಮಾನ ಅಲುಗಾಡತೊಡಗಿದರೆ ಊಟ ಒಂದು ಗಂಟೆ ತಡವಾಗಬಹುದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ, ಬಿಸ್ಕತ್ತು ಇರಲಿ. ಮೈ ನಡುಕ, ಬೆವರು, ಕಣ್ಣು ಮಂಜಾದರೆ ಕೂಡಲೇ ತಿನ್ನಿ.

ರಕ್ತದೊತ್ತಡದ ಮಾತ್ರೆ ನಾಲ್ಕಾರು ಗಂಟೆ ಹಿಂದುಮುಂದಾದರೆ ತೊಂದರೆಯಿಲ್ಲ, ಆದರೆ ತಪ್ಪಿತೆಂದು ಎರಡು ಒಟ್ಟಿಗೆ ನುಂಗಬೇಡಿ. ಮೂರ್ಛೆರೋಗದ ಮಾತ್ರೆ ಮಾತ್ರ ಹೊತ್ತು ತಪ್ಪಬಾರದು, ನಿದ್ದೆಗೇಡೂ ಸೇರಿ ಮೂರ್ಛೆ ಬರಬಹುದು.

ಕಾಲು ಮತ್ತು ನೀರು

ನಮ್ಮ ಕಾಲಿನ ರಕ್ತ ಹೃದಯಕ್ಕೆ ಮರಳುವುದು ಮೀನಖಂಡದ ಸ್ನಾಯುಗಳು ಹಿಂಡುವುದರಿಂದ. ಮಂಡಿ ಮಡಿಸಿ ಗಂಟೆಗಟ್ಟಲೆ ಅಲುಗಾಡದೆ ಕೂತರೆ ರಕ್ತ ನಿಧಾನಿಸಿ ಒಳಗಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಧ್ಯಯನದಂತೆ ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಆದರೂ ಅದು ಆರು ಸಾವಿರ ಪ್ರಯಾಣಿಕರಲ್ಲಿ ಒಬ್ಬರಿಗೆ ಆಗುವಂಥದ್ದು, ಹೆದರಬೇಕಾಗಿಲ್ಲ. ವಿಮಾನದಲ್ಲಿ ಮಾತ್ರವಲ್ಲ, ಬೆಂಗಳೂರಿನಿಂದ ಬೀದರಿಗೆ ಬಸ್ಸಿನಲ್ಲಿ ಕೂತವರಿಗೂ ಇದು ಅನ್ವಯಿಸುತ್ತದೆ. ಹಿಂದೆ ಹೆಪ್ಪುಗಟ್ಟಿದವರು, ಕ್ಯಾನ್ಸರ್ ಇದ್ದವರು, ಹೊಸದಾಗಿ ಶಸ್ತ್ರಚಿಕಿತ್ಸೆ ಆದವರು, ಬೊಜ್ಜು ಇದ್ದವರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು ಹೆಚ್ಚು ಎಚ್ಚರ ವಹಿಸಬೇಕು.

ಉಪಾಯ ಸುಲಭ. ನಡುದಾರಿಯ ಪಕ್ಕದ ಆಸನ ಕೇಳಿ. ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ, ಹೀಗೆ ಇಪ್ಪತ್ತು ಸಲ ಮಾಡಿ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಅಪಾಯ ಹೆಚ್ಚಿರುವವರು ವೈದ್ಯರನ್ನು ಕೇಳಿ ಮಂಡಿಯವರೆಗಿನ ಬಿಗಿ ಕಾಲುಚೀಲ ಹಾಕಿಕೊಳ್ಳಬಹುದು. ಇದಕ್ಕಾಗಿಯೇ ಆಸ್ಪಿರಿನ್ ನುಂಗುವುದು ಬೇಡ. ನಿದ್ದೆ ಮಾತ್ರೆಯೂ, ಮದ್ಯವೂ ಬೇಡ, ಅವು ನಿಮ್ಮನ್ನು ಅಲುಗಾಡದ ಹಾಗೆ ಮಾಡುತ್ತವೆ.

ವಿಮಾನದ ಗಾಳಿ ಬಹಳ ಒಣ. ನಮ್ಮ ಹೆಣ್ಣುಮಕ್ಕಳಂತೂ ಆ ಇಕ್ಕಟ್ಟಾದ ಶೌಚಾಲಯಕ್ಕೆ ಹೋಗಲು ಮುಜುಗರಪಟ್ಟು ಇಡೀ ಪ್ರಯಾಣದಲ್ಲಿ ಎರಡು ಗುಟುಕು ನೀರು ಕುಡಿಯುತ್ತಾರೆ. ಇಳಿದ ಮೇಲೆ ತಲೆಸುತ್ತು, ಮಲಬದ್ಧತೆ, ಮೂತ್ರದ ಉರಿ. ಹೃದಯ, ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಇಲ್ಲದವರು ಗಂಟೆಗೊಮ್ಮೆ ಅರ್ಧ ಲೋಟವಾದರೂ ಕುಡಿಯಿರಿ. ಶೌಚಾಲಯಕ್ಕೆ ಎದ್ದು ಹೋಗುವುದು ಕಾಲಿಗೂ ಒಳ್ಳೆಯದೇ. ವಿಮಾನ ಇಳಿಯುವಾಗ ಕಿವಿ ಕಟ್ಟಿದರೆ ಪೆಪ್ಪರ್‌ಮಿಂಟ್ ಚೀಪಿ, ಆಕಳಿಸಿ. ಹಸುಗೂಸಿಗೆ ಆಗ ಹಾಲು ಕುಡಿಸಿ.

ಇಳಿದ ಮೇಲೆ ಮೊದಲ ವಾರ

ನಮ್ಮ ದೇಹದ ಗಡಿಯಾರ ಹೊಸ ಊರಿನ ಹೊತ್ತಿಗೆ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಹಾಗಾಗಿ ಅಮೆರಿಕದಲ್ಲಿ ವಾರ ಹತ್ತು ದಿನ ನಡುರಾತ್ರಿ ಎಚ್ಚರ, ಹಗಲು ತೂಕಡಿಕೆ ಸಹಜ. ಹಗಲಿನ ಬೆಳಕಿನಲ್ಲಿ ಓಡಾಡುವುದೇ ಇದಕ್ಕೆ ಮದ್ದು. ಹಗಲು ಮಲಗಿದರೆ ಅರ್ಧ ಗಂಟೆಗೆ ಎದ್ದುಬಿಡಿ. ಅಲ್ಲಿಯ ಊಟದ ಹೊತ್ತಿಗೇ ಊಟ ಮಾಡಿ. ನಡುರಾತ್ರಿ ಅಪರಿಚಿತ ಮನೆಯಲ್ಲಿ ಶೌಚಾಲಯ ಹುಡುಕುತ್ತ ಮೆಟ್ಟಿಲಲ್ಲಿ ಬೀಳುವ ಹಿರಿಯರು ಉಂಟು. ಅಲ್ಲಿಯ ಮನೆಗಳಲ್ಲಿ ಮಲಗುವ ಕೋಣೆ ಸಾಮಾನ್ಯವಾಗಿ ಮಹಡಿಯ ಮೇಲೆ. ಸಣ್ಣ ದೀಪವೊಂದು ರಾತ್ರಿಯಿಡೀ ಉರಿಯಲಿ. ಸಕ್ಕರೆಯನ್ನು ಮೊದಲ ವಾರ ದಿನಕ್ಕೆ ಮೂರು ನಾಲ್ಕು ಸಲ ನೋಡಿಕೊಳ್ಳಿ.

ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಉಸಿರಾಡುವಾಗ ಎದೆ ಚುಚ್ಚಿದರೆ ಪ್ರಯಾಣದ ಆಯಾಸವೆಂದು ಸುಮ್ಮನಿರಬೇಡಿ. ಕಾಲಿನ ಹೆಪ್ಪು ಪ್ರಯಾಣ ಮುಗಿದ ಕೆಲವು ವಾರಗಳವರೆಗೂ ಕಾಣಿಸಿಕೊಳ್ಳಬಹುದು. ತುರ್ತಿಗೆ ಅಮೆರಿಕ, ಕೆನಡಾದಲ್ಲಿ 911, ಇಂಗ್ಲೆಂಡಿನಲ್ಲಿ 999, ಯೂರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000 ಸಂಖ್ಯೆಗೆ ಫೋನ್ ಮಾಡಬೇಕು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನೀವಿಬ್ಬರೇ. ಆ ಸಂಖ್ಯೆ, ಮನೆಯ ವಿಳಾಸ, ಮಕ್ಕಳ ಫೋನ್ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಇನ್ನೊಂದು ಚೀಟಿ ಜೇಬಿನಲ್ಲಿರಲಿ.

ಚಳಿಗಾಲದ ತಣ್ಣನೆಯ ಗಾಳಿ ಉಬ್ಬಸವನ್ನೂ ಎದೆನೋವನ್ನೂ ಕೆದಕುತ್ತದೆ. ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಳ್ಳಿ. ಮಗನಿಗೆ ನೆರವಾಗಲೆಂದು ಅಂಗಳದ ಹಿಮ ಬಾಚಲು ಹೋಗಬೇಡಿ. ಚಳಿಯಲ್ಲಿ ಆ ಶ್ರಮ ಹೃದಯಾಘಾತಕ್ಕೆ ದಾರಿಯಾಗಬಲ್ಲದು. ದಿನವಿಡೀ ನಾಲ್ಕು ಗೋಡೆಯೊಳಗೆ ಮಾತಿಗೆ ಜನವಿಲ್ಲದೆ ಮನಸ್ಸು ಕುಗ್ಗುವುದೂ ಉಂಟು. ಹಸಿವು, ನಿದ್ದೆ ಹೋಗಿ ಸುಮ್ಮಸುಮ್ಮನೆ ಅಳು ಬಂದರೆ ಅದನ್ನೂ ಮಕ್ಕಳಿಗೆ ಹೇಳಿ. ಅದೂ ಚಿಕಿತ್ಸೆಗೆ ಬಗ್ಗುವ ಕಾಯಿಲೆಯೇ.

ಕಡೆಗೆ ಆ ತಾಯಿಯ ವಿಷಯ. ಆಸ್ಪತ್ರೆಯಿಂದ ಬಂದ ದಿನವೇ ಯಜಮಾನರು ಮಗಳಿಗೆ ಎಲ್ಲವನ್ನೂ ಹೇಳಿದರು. ಮಗಳು ಅತ್ತಳು, ಅರ್ಧ ಗಂಟೆಯ ನಂತರ ತಾನೇ ಸಮಾಧಾನ ಮಾಡಿಕೊಂಡಳು. ಬೀಗಿತ್ತಿ ಮೊದಲು ಹೊರಟು ಬಾಣಂತನ ನೋಡಿಕೊಂಡರು. ಹೃದಯ ತಜ್ಞರು ಒಪ್ಪಿಗೆ ಕೊಟ್ಟ ಮೇಲೆ ಈಕೆ, ಕೈಚೀಲದಲ್ಲಿ ಮಾತ್ರೆ, ಅದರೊಳಗೆ ಆ ಒಂದು ಹಾಳೆ ಇಟ್ಟುಕೊಂಡು, ಗಾಲಿಕುರ್ಚಿಯಲ್ಲಿ ಕೂತು ಹೋದರು. ಮಗುವಿಗೆ ಆಗ ಐದು ವಾರ. ಕೆಲವು ದಿನಗಳ ನಂತರ ಅಲ್ಲಿಂದ ಫೋನ್ ಮಾಡಿದ್ದರು.

"ಈಗ ಮಗಳಿಗೆ ಎಲ್ಲಾ ಗೊತ್ತಲ್ಲ ಡಾಕ್ಟ್ರೇ, ಬೆಳಿಗ್ಗೆ ಮಗೂಗೆ ಹಾಲು ಕುಡಿಸಿದ ಮೇಲೆ ನನಗೆ ಮಾತ್ರೆ ಎಣಿಸಿ ಕೊಡ್ತಾಳೆ. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು" ಎಂದರು.

ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ, ಸೂಟ್‌ಕೇಸ್ ಕೆಳಗಿಳಿಸುವ ಮೊದಲು ಅವರನ್ನು ಮೆಟ್ಟಿಲು ಹತ್ತಿಸಿ ನೋಡಿ.